ರಾಕ್ ವೇದಿಕೆಗೆ ಸಿಗ್ನೇಚರ್ ಗಿಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೆಸರಾಂತ ಕಲಾವಿದರ ಹೆಸರು ಹೊತ್ತು ಬರುವ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ ಅದನ್ನು ಹೇಗೆ ಪರೀಕ್ಷಿಸಬೇಕೆಂದು ಕೇಳಿ ಬಂದ ಪತ್ರಗಳಲ್ಲಿ, ವೇದಿಕೆ ಮೇಲೆ ನುಡಿಸುವವರ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಮೆಚ್ಚಿದ ಗಿಟಾರ್‌ವಾದಕರ ಸಿಗ್ನೇಚರ್ ಮಾದರಿ ಕೊಂಡರೆ ಅವರ ಸೌಂಡ್ ನನಗೂ ಸಿಗುತ್ತದೆಯೇ? ಮಾಮೂಲಿ ಮಾದರಿಗೂ ಇದಕ್ಕೂ ಇರುವ ವ್ಯತ್ಯಾಸವೇನು?

ಉತ್ತರ: ಸೌಂಡಿನ ದೊಡ್ಡ ಪಾಲು ಬರುವುದು ಅವರ ಕೈಯಿಂದ, ಆಮೇಲೆ ಆಂಪ್ (ಆಂಪ್ಲಿಫೈಯರ್) ಮತ್ತು ಸ್ಪೀಕರಿನಿಂದ. ಗಿಟಾರ್ ನಿಮಗೆ ಕೊಡುವುದು ಆ ಕಲಾವಿದರು ತಮ್ಮ ತೊಂದರೆಗಳಿಗೆ ಕಂಡುಕೊಂಡ ಪರಿಹಾರಗಳನ್ನು. ಅವು ನಿಮ್ಮ ತೊಂದರೆಗಳೂ ಆಗಿವೆಯೇ ಎಂಬುದನ್ನು ನೋಡಬೇಕು.

ಕೆಲವು ಉದಾಹರಣೆ ನೋಡಿ. 1988ರಲ್ಲಿ ಬಂದ ಫೆಂಡರ್ ಎರಿಕ್ ಕ್ಲ್ಯಾಪ್ಟನ್ ಸ್ಟ್ರ್ಯಾಟೊಕಾಸ್ಟರ್‌ನಲ್ಲಿ ಮಧ್ಯ ಆವರ್ತನಗಳನ್ನು 25 ಡೆಸಿಬಲ್‌ವರೆಗೆ ಏರಿಸುವ ಸರ್ಕ್ಯೂಟ್ ಇದೆ. ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿಯ (ಸಿಂಗಲ್ ಕಾಯಿಲ್) ಪಿಕಪ್‌ನ ತೆಳ್ಳಗಿನ ದನಿಯನ್ನು ಬೇಕೆಂದಾಗ ದಪ್ಪ ಮಾಡಿ ಆಂಪನ್ನು ಡ್ರೈವ್ ಮಾಡುವುದು ಅದರ ಕೆಲಸ. ಇಂಗ್ವೆ ಮಾಲ್ಮ್‌ಸ್ಟೀನ್ ಮಾದರಿಯಲ್ಲಿ ಫ್ರೆಟ್‌ಗಳ, ಅಂದರೆ ನೆಕ್ ಮೇಲಿನ ಲೋಹದ ಪಟ್ಟಿಗಳ, ನಡುವಿನ ಮರವನ್ನೇ ಕೆತ್ತಿ ತೆಗೆದಿರುತ್ತಾರೆ. 1987ರ ಐಬನೆಜ್ ಜೆಮ್, ಅಂದರೆ ಸ್ಟೀವ್ ವೈ ಅವರ ಮಾದರಿಯಲ್ಲಿ 24 ಫ್ರೆಟ್. ಕೊನೆಯ ನಾಲ್ಕರ ನಡುವೆ ಮಾತ್ರ ಕೆತ್ತನೆ. ಸ್ವರ ಏರಿಳಿಸುವ ಟ್ರೆಮೊಲೊ ಹಿಡಿಯನ್ನು ಮೇಲಕ್ಕೂ ಎಳೆಯಲೆಂದು, ತಂತಿಗಳು ಒಡಲ ಮೇಲೆ ಕೂರುವ ಬ್ರಿಜ್ ಹಿಂದೆ ಮರವನ್ನು ಆಳವಾಗಿ ತೋಡಿರುತ್ತಾರೆ. ಜಿಮ್ ರೂಟ್ ಟೆಲಿಕಾಸ್ಟರ್‌ನಲ್ಲಿ ಇರುವುದು ಒಂದೇ ವಾಲ್ಯೂಮ್ ನಾಬ್, ಟೋನ್ ನಾಬ್ ಇಲ್ಲವೇ ಇಲ್ಲ. ಬ್ರಯಾನ್ ಮೇ ಮಾದರಿಯಲ್ಲಿ ಮೂರೂ ಪಿಕಪ್‌ಗಳಿಗೆ ಬೇರೆ ಬೇರೆ ಆನ್–ಆಫ್ ಸ್ವಿಚ್ ಮತ್ತು ಸಿಗ್ನಲನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್. ಸ್ಕೇಲ್, ಅಂದರೆ ಕಂಪಿಸುವ ತಂತಿಯ ಉದ್ದ, 24 ಅಂಗುಲ. ಅದೇ ತಂತಿ, ಅದೇ ಶ್ರುತಿಗೆ 25.5 ಅಂಗುಲದ ಗಿಟಾರಿಗಿಂತ ಬಿಗಿ ಸುಮಾರು ಶೇ. 11ರಷ್ಟು ಕಡಿಮೆ. ಬೆಂಡ್, ಅಂದರೆ ತಂತಿಯನ್ನು ಬದಿಗೆ ಎಳೆದು ಸ್ವರ ಏರಿಸುವುದು, ಸಲೀಸು, ಆದರೆ ಜೋರಾಗಿ ರಿದಮ್ ಹೊಡೆಯುವ ಕೈಗೆ ತಂತಿ ಸಡಿಲ ಅನ್ನಿಸುತ್ತದೆ.

ಟೋನ್ ನಾಬ್ ತಿರುಗಿಸಿ ಲೀಡ್ ನುಡಿಸುವವರಿಗೆ ಜಿಮ್ ರೂಟ್ ಮಾದರಿ ಮೊದಲ ಹಾಡಿಗೇ ಕೈಕೊಡುತ್ತದೆ. ಟ್ರೆಮೊಲೊ ಹಿಡಿ ಮುಟ್ಟದವರಿಗೆ ಜೆಮ್‌ನ ಬ್ರಿಜ್ ಬರೀ ನಿರ್ವಹಣೆಯ ಕೆಲಸ. ಆದ್ದರಿಂದ ಮಾಮೂಲಿ ಮಾದರಿಗಿಂತ ಏನೇನು ಬೇರೆ ಎಂದು ಕಾಗದದಲ್ಲಿ ಬರೆದುಕೊಳ್ಳಿ, ಒಂದೊಂದರ ಎದುರೂ 'ನನ್ನ ಯಾವ ಹಾಡಿಗೆ ಇದು ಬೇಕು?' ಎಂದು ತುಂಬಿ. ಇನ್ನೊಂದು ಮಾತು: ಒಬ್ಬರದೇ ಹೆಸರಿನಲ್ಲಿ ದುಬಾರಿ ಮಾದರಿಯೂ ಅಗ್ಗದ ಮಾದರಿಯೂ ಇರುವುದುಂಟು. ಬಣ್ಣ, ಆಕಾರ ಒಂದೇ ಇದ್ದರೂ ಪಿಕಪ್, ಬ್ರಿಜ್, ತಂತಿ ಬಿಗಿಸುವ ಕೀಲಿ ಬೇರೆಯಾಗಿರಬಹುದು. ಮಾದರಿ ಸಂಖ್ಯೆಯನ್ನು ಪೂರ್ತಿ ಓದಿ, ಆ ಸಂಖ್ಯೆಯ ಬಿಡಿಭಾಗಗಳ ಪಟ್ಟಿಯನ್ನೇ ನೋಡಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ಯಾವ ಕ್ರಮದಲ್ಲಿ ಪರೀಕ್ಷಿಸಲಿ?

ಉತ್ತರ: ನಿಮ್ಮದೇ ಕೇಬಲ್, ಪಿಕ್, ಸ್ಟ್ರ್ಯಾಪ್ ಮತ್ತು ಮುಖ್ಯ ಡಿಸ್ಟಾರ್ಷನ್ ಪೆಡಲ್ ಒಯ್ಯಿರಿ. ಜೊತೆಗೆ ಶ್ರುತಿ ತೋರಿಸುವ ಟ್ಯೂನರ್, ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಯಾಪೊ, ಸಣ್ಣ ಸ್ಟೀಲ್ ಅಳತೆಪಟ್ಟಿ, ಸಂದಿ ಅಳೆಯುವ 0.25 ಮಿ.ಮೀ. ಫೀಲರ್ ಗೇಜ್ ಇರಲಿ.

ಮೊದಲ ಕಾಲು ಗಂಟೆ ಆಂಪ್ ಮುಟ್ಟಬೇಡಿ. ಸ್ಟ್ರ್ಯಾಪನ್ನು ವೇದಿಕೆಯಲ್ಲಿ ಇರುವಷ್ಟೇ ಉದ್ದಕ್ಕೆ ಹಾಕಿ ನಿಂತುಕೊಳ್ಳಿ. ಕುಳಿತು ನುಡಿಸಿದ ಗಿಟಾರಿನ ಅಳತೆಯೇ ಬೇರೆ; ಮಣಿಕಟ್ಟಿನ ಕೋನ, ಮೇಲಿನ ಫ್ರೆಟ್‌ಗಳಿಗೆ ಕೈ ಎಟಕುವುದು, ನಾಬ್‌ನ ಜಾಗ ಎಲ್ಲವೂ ನಿಂತಾಗ ಬದಲಾಗುತ್ತವೆ. ಎಡಗೈ ಬಿಡಿ. ನೆಕ್ ನೆಲದ ಕಡೆ ವಾಲಿದರೆ ಇಡೀ ಕಾರ್ಯಕ್ರಮ ಎಡಗೈ ಅದನ್ನು ಹೊರಬೇಕಾಗುತ್ತದೆ. ತೆಳು ಒಡಲಿನ ಎಸ್‌ಜಿ ಆಕಾರದವುಗಳಲ್ಲಿ ಇದು ಹೆಚ್ಚು. ಅಗಲದ, ಒಳಬದಿ ಒರಟಾದ ಚರ್ಮದ ಸ್ಟ್ರ್ಯಾಪ್ ಸ್ವಲ್ಪ ಸಹಾಯ ಮಾಡುತ್ತದೆ, ಪೂರ್ತಿ ಅಲ್ಲ. ತೂಕ 3.2ರಿಂದ 3.6 ಕೆ.ಜಿ. ಇದ್ದರೆ ಹೆಚ್ಚಿನವರಿಗೆ ಹಿತ. 4 ಕೆ.ಜಿ. ದಾಟಿದ್ದನ್ನು ಎರಡು ಗಂಟೆ ಹೊತ್ತು ಹಾಡುವುದೂ ಇದೆ ಎಂದಾದರೆ ಯೋಚಿಸಿ.

ಆಮೇಲೆ ಅಳತೆ. ಮೊದಲನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ದಪ್ಪ ತಂತಿಯನ್ನು ನೆಕ್ ಒಡಲಿಗೆ ಸೇರುವಲ್ಲಿ ಒತ್ತಿ. 7 ಅಥವಾ 8ನೇ ಫ್ರೆಟ್ ಮೇಲೆ 0.25 ಮಿ.ಮೀ. ಗೇಜ್ ಹಗುರಾಗಿ ಹಾದುಹೋಗಬೇಕು. ಕ್ಯಾಪೊ ತೆಗೆದು 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಿರಿ. ಫಿಂಗರ್‌ಬೋರ್ಡಿನ ಅಡ್ಡ ಬಾಗಿನ ತ್ರಿಜ್ಯ 9.5ರಿಂದ 12 ಅಂಗುಲದ್ದಾದರೆ ಫೆಂಡರ್ ಸೂಚಿಸುವ ಎತ್ತರ 1.6 ಮಿ.ಮೀ. ಈ ಅಳತೆಗಳು ತಪ್ಪಿದ್ದರೆ ಗಿಟಾರ್ ಕೆಟ್ಟದ್ದೆಂದಲ್ಲ, ಸೆಟಪ್ ಆಗಿಲ್ಲವೆಂದು ಅರ್ಥ. ಅಲ್ಲೇ ಸರಿಮಾಡಿಸಿ, ಆಮೇಲೆ ನುಡಿಸಿ. ಸೆಟಪ್ ಇಲ್ಲದ ಗಿಟಾರಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

10ನೇ ಫ್ರೆಟ್‌ನಿಂದ ಕೊನೆಯವರೆಗೆ ಒಂದನೇ, ಎರಡನೇ ತಂತಿಗಳನ್ನು ಒಂದೂವರೆ ಸ್ವರದಷ್ಟು ಬೆಂಡ್ ಮಾಡಿ. ನಾದ ನಡುವೆಯೇ ಸತ್ತರೆ ಎಲ್ಲೆಲ್ಲಿ ಎಂದು ಗುರುತಿಸಿ. ಎಲ್ಲ ಕಡೆ ಸತ್ತರೆ ತಂತಿ ತೀರಾ ಕೆಳಗಿದೆ, ಏರಿಸಿದರೆ ಮುಗಿಯಿತು. ಹಳೆಯ ಮಾದರಿಯ 7.25 ಅಂಗುಲ ಬಾಗಿನ ನೆಕ್‌ನಲ್ಲಿ ಇದು ಸಹಜ. ಒಂದೆರಡು ಜಾಗದಲ್ಲಿ ಮಾತ್ರ ಸತ್ತರೆ ಮುಂದಿನ ಯಾವುದೋ ಫ್ರೆಟ್ ಎದ್ದಿದೆ. ಅದನ್ನು ಉಜ್ಜಿ ಸಮ ಮಾಡಿಸಬೇಕು, ಇಲ್ಲವೇ ಬೇರೆ ಗಿಟಾರ್ ಕೇಳಬೇಕು.

ಶ್ರುತಿ ನಿಲ್ಲುವುದನ್ನು ಎರಡು ಬಗೆಯಲ್ಲಿ ನೋಡಿ. ಮೂರನೇ ತಂತಿಯನ್ನು ಹತ್ತು ಸಲ ಜೋರಾಗಿ ಬೆಂಡ್ ಮಾಡಿ ಟ್ಯೂನರ್ ನೋಡಿ: ಶ್ರುತಿ ಇಳಿದಿದ್ದರೆ ಮತ್ತು ತಂತಿ ಹೊಸದಲ್ಲದಿದ್ದರೆ, ಅದು ಹೆಡ್‌ಸ್ಟಾಕ್ (ನೆಕ್‌ನ ತಲೆ) ಬಳಿ ತಂತಿಗಳು ಹಾಯುವ ನಟ್‌ನಲ್ಲಿ ಸಿಕ್ಕಿಕೊಳ್ಳುತ್ತಿದೆ. ಟ್ರೆಮೊಲೊ ಹಿಡಿ ಪೂರ್ತಿ ಕೆಳಗೊತ್ತಿ ಬಿಟ್ಟ ಮೇಲೆ ಶ್ರುತಿ ಏರಿದ್ದರೂ ಕಾರಣ ಅದೇ ನಟ್, ಈ ಸಲ ತಂತಿ ಹೆಡ್‌ಸ್ಟಾಕ್ ಕಡೆ ಸರಿದು ಅಲ್ಲೇ ನಿಂತಿದೆ. ತಂತಿ ಬಿಗಿಸುವ ಕೀಲಿ ತಿರುಗಿಸುವಾಗ 'ಟಿಕ್' ಎಂಬ ಸದ್ದು ಕೇಳಿದರೆ ಸಂಶಯವೇ ಬೇಡ. ನಟ್‌ನ ಸೀಳನ್ನು ಸರಿಯಾಗಿ ಅರ ಹಾಕಿಸಿ, ಮೆತ್ತನೆಯ ಪೆನ್ಸಿಲ್ ಸೀಸದ ಪುಡಿ ಹಚ್ಚಿದರೆ ಹೋಗುತ್ತದೆ. ದುಬಾರಿ ಕೀಲಿ ಹಾಕಿಸಿದರೆ ಹೋಗದು.

12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಹೊಂದದಿದ್ದರೆ ಗಾಬರಿ ಬೇಡ. ಒತ್ತಿದ್ದು ಏರಿದ್ದರೆ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸ್ಕ್ರೂನಲ್ಲಿ ಇನ್ನೂ ಜಾಗ ಇದೆಯೇ ಎಂದಷ್ಟೇ ನೋಡಿ.

ಕೊನೆಗೆ ಆಂಪ್. ಮೊದಲು ಕ್ಲೀನ್‌ನಲ್ಲಿ ಸ್ವಿಚ್‌ನ ಎಲ್ಲ ಸ್ಥಾನ, ನಾಬ್‌ಗಳನ್ನು ಹತ್ತರಿಂದ ಸೊನ್ನೆಗೆ ನಿಧಾನ. ವಾಲ್ಯೂಮ್ 6ಕ್ಕೆ ಇಳಿಸಿದಾಗ ದನಿ ಮಂಕಾದರೆ ಎತ್ತರದ ಸ್ವರಗಳನ್ನು ಉಳಿಸುವ ಟ್ರೆಬಲ್ ಬ್ಲೀಡ್ ಕೆಪಾಸಿಟರ್ ಇಲ್ಲ ಎಂದರ್ಥ. ಗಿಟಾರಿನ ವಾಲ್ಯೂಮ್‌ನಿಂದಲೇ ಡಿಸ್ಟಾರ್ಷನ್ ಹೆಚ್ಚು–ಕಡಿಮೆ ಮಾಡುವವರು ಇದನ್ನು ಬಿಡದೆ ನೋಡಬೇಕು. ಆಮೇಲೆ ನಿಮ್ಮ ಪೆಡಲ್, ನಿಮ್ಮ ಹಾಡುಗಳ ರಿಫ್. ಸ್ವರಶ್ರೇಣಿ ಓಡಿಸುತ್ತ ಸಮಯ ಕಳೆಯಬೇಡಿ.

ಪ್ರಶ್ನೆ: ಒಬ್ಬನೇ ನುಡಿಸಿದಾಗ ಅದ್ಭುತವಾಗಿದ್ದ ಗಿಟಾರ್ ಬ್ಯಾಂಡ್ ಜೊತೆ ಕೇಳಿಸುವುದೇ ಇಲ್ಲ. ವಾಲ್ಯೂಮ್ ಏರಿಸಿದರೆ ಗದ್ದಲ ಮಾತ್ರ ಹೆಚ್ಚುತ್ತದೆ. ಗಿಟಾರಿನ ದೋಷವೇ?

ಉತ್ತರ: ಬಹುಮಟ್ಟಿಗೆ ಅಲ್ಲ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರಗಳೂ ತೀರಾ ಎತ್ತರದ ಸ್ವರಗಳೂ ಕಡಿಮೆ ಕೇಳುತ್ತವೆ. ಹಾಗಾಗಿ ಮನೆಯಲ್ಲಿ ನಾವು ಬೇಸ್, ಟ್ರೆಬಲ್ ಎರಡನ್ನೂ ಏರಿಸಿ ಮಿಡ್ ಇಳಿಸುತ್ತೇವೆ, ಅದು ತುಂಬಿದ ದನಿಯಾಗಿ ಕೇಳುತ್ತದೆ. ವೇದಿಕೆಯ ಸದ್ದಿಗೆ ಹೋದಾಗ ಆ ಎರಡೂ ತುದಿಗಳು ತಾವಾಗಿ ಉಬ್ಬುತ್ತವೆ. ತಗ್ಗಿನಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಕೂತಿವೆ, ಮೇಲ್ತುದಿಯಲ್ಲಿ ಸಿಂಬಲ್. ನಿಮಗೆ ಉಳಿದ ಜಾಗ ಸುಮಾರು 400ರಿಂದ 3000 ಹರ್ಟ್ಸ್ ನಡುವಿನದು. ಅದನ್ನೇ ನೀವು ಇಳಿಸಿಬಿಟ್ಟಿದ್ದೀರಿ.

ಬ್ಯಾಂಡ್ ನುಡಿಸುತ್ತಿರುವಾಗಲೇ ಹೀಗೆ ಮಾಡಿ: ಗೇನ್ (ಡಿಸ್ಟಾರ್ಷನ್ ಪ್ರಮಾಣ) ಈಗಿರುವುದರಲ್ಲಿ ಮೂರನೇ ಒಂದು ಪಾಲು ಇಳಿಸಿ. ಬೇಸ್ 4ಕ್ಕೆ ತನ್ನಿ, ಮಿಡ್ 6 ಅಥವಾ 7ಕ್ಕೆ ಏರಿಸಿ, ಟ್ರೆಬಲ್ ಕೊನೆಗೆ ಹೊಂದಿಸಿ. ಒಬ್ಬರೇ ನುಡಿಸಿದಾಗ ಈ ದನಿ ಮೂಗಿನಿಂದ ಬಂದಂತೆ ಕೇಳುತ್ತದೆ, ಅದಕ್ಕೆ ಬೇಸರಪಡಬೇಡಿ. ಗೇನ್ ಇಳಿಸಲು ಹೇಳುವುದಕ್ಕೆ ಕಾರಣವಿದೆ. ರಾಕ್‌ಗೆಂದು ಮಾಡಿದ ಅನೇಕ ಸಿಗ್ನೇಚರ್ ಮಾದರಿಗಳಲ್ಲಿ ಜೋರು ಔಟ್‌ಪುಟ್‌ನ ಹಂಬಕರ್, ಅಂದರೆ ಜೋಡಿ ಸುರುಳಿಯ ಪಿಕಪ್, ಇರುತ್ತದೆ. ಹಳೆಯ ಗಿಟಾರಿಗೆ ಹೊಂದಿಸಿದ್ದ ಗೇನ್‌ನಲ್ಲೇ ಇದನ್ನು ನುಡಿಸಿದರೆ ಸಿಗ್ನಲ್ ಪೂರ್ತಿ ಒತ್ತಿಹೋಗಿ, ಪಿಕ್ ತಂತಿಗೆ ತಾಗುವ ಮೊದಲ ಏಟೇ ಅಳಿಸಿಹೋಗುತ್ತದೆ. ಡ್ರಮ್ಸ್ ನಡುವೆ ಕಿವಿ ಗಿಟಾರನ್ನು ಹಿಡಿಯುವುದು ಆ ಏಟಿನಿಂದ.

ಪಿಕಪ್ ಎತ್ತರವೂ ಇಲ್ಲಿ ಮುಖ್ಯ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಅಳೆದಾಗ, ಗಿಬ್ಸನ್ ಮಾದರಿಯ ಹಂಬಕರ್‌ಗಳಿಗೆ ಬ್ರಿಜ್ ಬಳಿ 1.6 ಮಿ.ಮೀ., ನೆಕ್ ಬಳಿ 2.4 ಮಿ.ಮೀ. ಒಳ್ಳೆಯ ಆರಂಭ. ದನಿ ಮುದ್ದೆಯಾಗಿದ್ದರೆ ಅರ್ಧ ಮಿ.ಮೀ. ಇಳಿಸಿ ಕೇಳಿ. ಸಿಂಗಲ್ ಕಾಯಿಲ್ ಪಿಕಪ್‌ಗಳು ತಂತಿಗೆ ತೀರಾ ಹತ್ತಿರವಿದ್ದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿಯ ಸ್ವರ ಅಪಸ್ವರವಾಗಿ ಕಂಪಿಸುತ್ತದೆ. ಇದನ್ನು ಇಂಟೊನೇಷನ್ (ಫ್ರೆಟ್ ಒತ್ತಿದಾಗಿನ ಶ್ರುತಿ) ದೋಷವೆಂದು ತಿಳಿದು ಸ್ಯಾಡಲ್ ತಿರುಗಿಸುತ್ತ ಕೂರುವವರಿದ್ದಾರೆ.

ನೀವು ಎಲ್ಲಿ ನಿಂತು ಕೇಳುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ಪೀಕರ್ ಎತ್ತರದ ಸ್ವರಗಳನ್ನು ನೇರ ರೇಖೆಯಲ್ಲಿ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದು ನೀವು ಅದರ ಮುಂದೆಯೇ ನಿಂತಿದ್ದರೆ ಆ ಸ್ವರಗಳು ನಿಮ್ಮ ಮೊಣಕಾಲಿಗೆ ಹೋಗುತ್ತವೆ. ನಿಮಗೆ ಮಂಕಾಗಿ ಕೇಳುತ್ತದೆ, ನೀವು ಟ್ರೆಬಲ್ ಏರಿಸುತ್ತೀರಿ, ಎದುರು ಕೂತವರ ಕಿವಿ ಹರಿಯುತ್ತದೆ. ಆಂಪನ್ನು ಕುರ್ಚಿ ಎತ್ತರಕ್ಕೆ ಏರಿಸಿ ಅಥವಾ ಹಿಂದಕ್ಕೆ ವಾಲಿಸಿ ಇಡಿ.

ಎರಡು ಗಿಟಾರ್ ಹೋಲಿಸುವಾಗ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ. ಹೆಚ್ಚು ಔಟ್‌ಪುಟ್ ಇರುವುದರ ವಾಲ್ಯೂಮ್ ಇಳಿಸಿ ಸಮ ಮಾಡಿ, ಸಭಿಕರು ಕೂರುವ ಜಾಗದಲ್ಲಿ ಫೋನ್ ಇಟ್ಟು ಇಡೀ ಬ್ಯಾಂಡಿನ ಅದೇ ಹಾಡನ್ನು ಎರಡರಲ್ಲೂ ರೆಕಾರ್ಡ್ ಮಾಡಿ. ಮರುದಿನ ಕೇಳಿ ತೀರ್ಮಾನಿಸಿ.

ಪ್ರಶ್ನೆ: ನನಗೆ ಇಷ್ಟವಾದ ಮಾದರಿಯಲ್ಲಿ ಫ್ಲಾಯ್ಡ್ ರೋಸ್ ಎಂಬ ಟ್ರೆಮೊಲೊ ಬ್ರಿಜ್ ಇದೆ. ಒಂದು ತಂತಿ ತುಂಡಾದರೆ ಇಡೀ ಗಿಟಾರ್ ಶ್ರುತಿ ತಪ್ಪುತ್ತದಂತೆ, ಹೌದೆ?

ಉತ್ತರ: ತೇಲುವ ಬ್ರಿಜ್ ಆಗಿದ್ದರೆ ಹೌದು. ಮುಂದಿನಿಂದ ಆರು ತಂತಿ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೆಯುತ್ತಿರುವ ತಕ್ಕಡಿಯದು. ಒಂದು ತಂತಿ ಹೋದರೆ ಸ್ಪ್ರಿಂಗ್ ಕೈ ಮೇಲಾಗಿ ಉಳಿದ ಐದರ ಶ್ರುತಿಯೂ ಏರುತ್ತದೆ. ಆರನೇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದಾಗಲೂ ಇದೇ ಕಥೆ. ಒಂದು ತಂತಿ ಬೆಂಡ್ ಮಾಡಿ ಪಕ್ಕದ ತಂತಿಯನ್ನು ಹಾಗೇ ಹಿಡಿದರೆ ಬ್ರಿಜ್ ಮುಂದೆ ವಾಲಿ ಪಕ್ಕದ ಸ್ವರ ಇಳಿಯುತ್ತದೆ. ಇಂಥ ಜೋಡಿ ಬೆಂಡ್ ನಿಮ್ಮ ಸೋಲೊಗಳಲ್ಲಿ ಹೆಚ್ಚಿದ್ದರೆ ಪರೀಕ್ಷಿಸುವಾಗಲೇ ನುಡಿಸಿ ನೋಡಿ.

ಎಲ್ಲ ಫ್ಲಾಯ್ಡ್ ರೋಸ್ ತೇಲುವುದಿಲ್ಲ. ಎಡ್ಡಿ ವ್ಯಾನ್ ಹೇಲನ್ ಅವರ ವುಲ್ಫ್‌ಗ್ಯಾಂಗ್ ಮಾದರಿಯಲ್ಲಿ ಬ್ರಿಜ್ ಒಡಲಿನ ಮೇಲೆ ಕೂತಿರುತ್ತದೆ, ಸ್ವರ ಇಳಿಸಬಹುದು, ಏರಿಸಲಾಗದು. ಅದರಲ್ಲಿನ ಡಿ–ಟ್ಯೂನಾ ಎಂಬ ಸಣ್ಣ ಸಾಧನ ಎಳೆದರೆ ಆರನೇ ತಂತಿ ತಕ್ಷಣ ಡಿ ಸ್ವರಕ್ಕಿಳಿಯುವುದು, ಉಳಿದವು ಕದಲದಿರುವುದು ಈ ಕಾರಣಕ್ಕೇ. ಅದೇ ಸಾಧನವನ್ನು ತೇಲುವ ಬ್ರಿಜ್‌ಗೆ ಹಾಕಿಸಿದರೆ ಉಳಿದ ತಂತಿಗಳ ಶ್ರುತಿ ಕೆಡುತ್ತದೆ. ಹಿಡಿಯನ್ನು ಕೆಳಗೆ ಮಾತ್ರ ಒತ್ತುವವರು ಹಿಂಬದಿಯ ಗೂಡಿನಲ್ಲಿ, ಹಿಡಿ ಮೇಲೆತ್ತಿದಾಗ ಲೋಹದ ಬ್ಲಾಕ್ ಸರಿಯುವ ಕಡೆ, ಅಳತೆಗೆ ಸರಿಯಾದ ಮರದ ತುಂಡು ಇಟ್ಟು ತೇಲುವುದನ್ನು ತಡೆಯಬಹುದು. ಮರ ಕೊರೆಯಬೇಕಿಲ್ಲ, ಯಾವಾಗ ಬೇಕಾದರೂ ತೆಗೆಯಬಹುದು.

ಪರೀಕ್ಷೆ ಹೀಗೆ: ಹಿಡಿ ಕೆಳಗೊತ್ತಿ ಬಿಟ್ಟು ಟ್ಯೂನರ್ ನೋಡಿ, ಮೇಲೆತ್ತಿ ಬಿಟ್ಟು ಮತ್ತೆ ನೋಡಿ. ಎರಡು ಸಲ ಎರಡು ಕಡೆ ನಿಂತರೆ ಬ್ರಿಜ್‌ನ ಚಾಕುವಿನಂಥ ಅಂಚು ಅಥವಾ ಅದು ಕೂರುವ ಕಂಬ ಸವೆದಿರುವ ಸಾಧ್ಯತೆ ಹೆಚ್ಚು. ಹಳೆಯ ಗಿಟಾರ್ ಕೊಳ್ಳುವಾಗ ಇದನ್ನು ತಪ್ಪಿಸಬೇಡಿ. ಮೂಲ ಫ್ಲಾಯ್ಡ್ ರೋಸ್‌ನ ನಟ್ ಮತ್ತು ತಂತಿ ಬಿಗಿಯುವ ಬೋಲ್ಟ್‌ಗಳಿಗೆ 3 ಮಿ.ಮೀ. ಅಲೆನ್ ಕೀ ಬೇಕು. ಒಂದನ್ನು ಹೆಡ್‌ಸ್ಟಾಕ್ ಹಿಂದೆಯೇ ಸಿಕ್ಕಿಸಿಡಿ.

ಪ್ರಶ್ನೆ: ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ನ ಮಾದರಿ ನೋಡುತ್ತಿದ್ದೇನೆ. ಬ್ಯಾಟರಿ ನಡುವೆ ಸತ್ತರೆ? ನನ್ನ ಫಝ್ (ಒರಟು ಡಿಸ್ಟಾರ್ಷನ್) ಪೆಡಲ್ ಕೂಡ ಇದರಲ್ಲಿ ಕರ್ಕಶವಾಗಿ ಕೇಳಿತು.

ಉತ್ತರ: 9 ವೋಲ್ಟ್ ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುವುದು ಅಪರೂಪ. ಜೋರಾಗಿ ಹೊಡೆದಾಗ ಕ್ಲೀನ್ ದನಿ ಒಡೆಯುವುದು ಮೊದಲ ಸೂಚನೆ, ಆಮೇಲೆ ಸದ್ದು ಇಳಿಯುತ್ತದೆ. ಜ್ಯಾಕ್‌ಗೆ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಆನ್ ಆಗುವುದರಿಂದ, ನುಡಿಸಿ ಮುಗಿದ ಮೇಲೆ ಕೇಬಲ್ ಕಳಚುವುದನ್ನು ಮರೆತವರೇ ಹೆಚ್ಚಾಗಿ ತೊಂದರೆಗೆ ಸಿಗುವುದು. ಹಾಕಿದ ದಿನಾಂಕವನ್ನು ಬ್ಯಾಟರಿಯ ಮೇಲೇ ಬರೆಯಿರಿ.

ಫಝ್‌ನ ವಿಷಯ ಬೇರೆ. ಫಝ್ ಫೇಸ್ ಬಗೆಯ ಪೆಡಲ್‌ಗೆ ಮಾಮೂಲಿ ಪಿಕಪ್‌ನ ಸುರುಳಿ ನೇರವಾಗಿ ತಗುಲಬೇಕು. ಆ ಸುರುಳಿಯೂ ಅದರ ಸರ್ಕ್ಯೂಟಿನ ಭಾಗವಿದ್ದಂತೆ. ಆ್ಯಕ್ಟಿವ್ ಪಿಕಪ್, ಬಫರ್ ಪೆಡಲ್ ಅಥವಾ ವೈರ್‌ಲೆಸ್ ನಡುವೆ ಬಂದರೆ ದನಿ ಚೂಪಾಗುತ್ತದೆ, ವಾಲ್ಯೂಮ್ ಇಳಿಸಿದರೂ ಕ್ಲೀನ್ ಆಗುವುದಿಲ್ಲ. ಫಝ್ ನಿಮ್ಮ ಬ್ಯಾಂಡಿನ ಮುಖ್ಯ ದನಿಯಾಗಿದ್ದರೆ ಆ್ಯಕ್ಟಿವ್ ಬೇಡ. ಕೊಂಡ ಮೇಲೆ ಪಿಕಪ್ ಬದಲಿಸುತ್ತೇನೆ ಎನ್ನುವವರಿಗೂ ಒಂದು ಮಾತು: ಆ್ಯಕ್ಟಿವ್ ಪಿಕಪ್‌ಗೆ ಸಾಮಾನ್ಯವಾಗಿ 25 ಕಿಲೊಓಮ್‌ನ ಪಾಟ್ (ನಾಬ್ ಕೆಳಗಿನ ರೋಧಕ) ಇರುತ್ತದೆ, ಮಾಮೂಲಿ ಹಂಬಕರ್‌ಗೆ 500 ಬೇಕು. ಪಾಟ್‌ಗಳನ್ನೂ ಬದಲಿಸದಿದ್ದರೆ ದನಿ ಕಂಬಳಿ ಹೊದಿಸಿದಂತಾಗುತ್ತದೆ.

ಪ್ರಶ್ನೆ: ಆಂಪ್ ಹತ್ತಿರ ಹೋದರೆ ಕಿರ್ರೆಂದು ಕಿರುಚುತ್ತದೆ. ರಾಕ್‌ನಲ್ಲಿ ಫೀಡ್‌ಬ್ಯಾಕ್ ಇರಬೇಕಲ್ಲವೇ?

ಉತ್ತರ: ಇರಬೇಕು, ತಂತಿಯ ಫೀಡ್‌ಬ್ಯಾಕ್. ಆರೂ ತಂತಿಗಳನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಗೇನ್ ಹೆಚ್ಚಿಟ್ಟು ಆಂಪ್ ಕಡೆ ಒಂದೊಂದೇ ಹೆಜ್ಜೆ ಇಡಿ. ಕಿರುಚಾಟ ನಿಂತರೆ ಅದು ತಂತಿಯದು, ಬೇಕಾದ್ದೇ. ನಿಲ್ಲದಿದ್ದರೆ ಪಿಕಪ್‌ನ ಸುರುಳಿ ಅಥವಾ ಮುಚ್ಚಳ ಒಳಗೇ ಕಂಪಿಸುತ್ತಿದೆ. ಪಿಕ್‌ನಿಂದ ಮುಚ್ಚಳ ತಟ್ಟಿದಾಗ ಮೈಕ್ ತಟ್ಟಿದಂತೆ ಜೋರಾಗಿ ಕೇಳಿದರೆ ಖಚಿತ. ಮೇಣದಲ್ಲಿ ಅದ್ದಿ ಸರಿಪಡಿಸುವವರಿದ್ದಾರೆ. ಹೊಸ ಗಿಟಾರ್ ಆದರೆ ಬದಲಿಸಿ ಕೊಡಲು ಕೇಳಿ. ಬರೀ ಗುಂಯ್ ಎನ್ನುವ ಸದ್ದಾದರೆ ಅದು ಸಿಂಗಲ್ ಕಾಯಿಲ್ ಹಿಡಿಯುವ ಕರೆಂಟಿನ ಗುನುಗು. ಆಂಪ್‌ನಿಂದ ಸ್ವಲ್ಪ ತಿರುಗಿ ನಿಂತರೆ ಕಡಿಮೆಯಾಗುತ್ತದೆ.

ಪ್ರಶ್ನೆ: ಹಾಡುತ್ತ ನುಡಿಸುವಾಗ ಮೈಕ್ ತುಟಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಗಿಟಾರ್ ಬದಲಿಸಬೇಕೇ?

ಉತ್ತರ: ತಕ್ಷಣ ನುಡಿಸುವುದನ್ನು ನಿಲ್ಲಿಸಿ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ, ಮೈಕ್ ಮಿಕ್ಸರ್‌ನ ಅರ್ಥ್‌ಗೆ. ಇವೆರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ನಡುವಿನ ವೋಲ್ಟೇಜ್ ನಿಮ್ಮ ಮೈಯಲ್ಲಿ ಹರಿಯುತ್ತದೆ. ಇದು ಜೀವಕ್ಕೆ ಅಪಾಯ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ತಂತಿ ಮತ್ತು ಮೈಕ್ ಜಾಲರಿಯ ನಡುವೆ ಅಳೆಯಿರಿ. ಸೊನ್ನೆಯ ಆಸುಪಾಸು ಇರಬೇಕು. ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಸಾಲಿನಿಂದ ಕೊಡಿಸಿ, ಅದು ಎಲೆಕ್ಟ್ರಿಷಿಯನ್ ಕೆಲಸ. ಗುನುಗು ಹೋಗಲೆಂದು ಪ್ಲಗ್‌ನ ಮೂರನೇ ಪಿನ್ ತೆಗೆಯುವುದನ್ನು ಎಂದೂ ಮಾಡಬೇಡಿ. ಗಿಟಾರ್ ಬದಲಿಸಿದರೆ ಏನೂ ಬದಲಾಗದು.

ಪ್ರಶ್ನೆ: ನಮ್ಮ ಹಾಡುಗಳೆಲ್ಲ ಒಂದು ಸ್ವರ ಕೆಳಗಿನ ಶ್ರುತಿಯಲ್ಲಿವೆ. ಕಲಾವಿದರು ಹೇಳಿದ ತಂತಿಯೇ ಹಾಕಬೇಕೇ?

ಉತ್ತರ: ಬೇಕಿಲ್ಲ. 10–46ರ ಸೆಟ್ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಗಾತ್ರ, ಅಂಗುಲದ ಸಾವಿರದ ಭಾಗಗಳಲ್ಲಿ) ಹಾಕಿ ಒಂದು ಸ್ವರ ಇಳಿಸಿದರೆ ತಂತಿ ಜೋತು ಬಿದ್ದಂತಾಗುತ್ತದೆ. 11–49 ಹಾಕಿದರೆ ಹಳೆಯ ಬಿಗಿಯೇ ಹೆಚ್ಚುಕಡಿಮೆ ಮರಳುತ್ತದೆ. ಹಾಗಾಗಿ ನೆಕ್‌ನ ಬಾಗು ಹೊಂದಿಸುವ ಟ್ರಸ್ ರಾಡ್‌ಗೆ ದೊಡ್ಡ ಬದಲಾವಣೆ ಬೇಕಾಗದು. ಬೇಕಾದರೂ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ದಪ್ಪ ತಂತಿ ನಟ್‌ನ ಸೀಳಿನಲ್ಲಿ ಕೂರುತ್ತದೆಯೇ ನೋಡಿ, ಇಂಟೊನೇಷನ್ ಮತ್ತೆ ಹೊಂದಿಸಿ. ಫ್ರೆಟ್ ನಡುವೆ ಕೆತ್ತಿದ ನೆಕ್ ಇದ್ದರೆ ಮಾತ್ರ ತಂತಿ ಸಡಿಲ ಬಿಡಬೇಡಿ. ಅಲ್ಲಿ ಬೆರಳಿಗೆ ಮರ ತಾಗದ ಕಾರಣ ಸ್ವಲ್ಪ ಹೆಚ್ಚು ಒತ್ತಿದರೂ ಸ್ವರ ಏರುತ್ತದೆ, ಸಡಿಲ ತಂತಿಯಲ್ಲಿ ಇನ್ನೂ ಬೇಗ ಏರುತ್ತದೆ.

ಪ್ರಶ್ನೆ: ಜೊತೆಗೆ ಎರಡನೇ ಗಿಟಾರ್ ಎಂಥದ್ದಿರಬೇಕು?

ಉತ್ತರ: ಅದೇ ಮಾದರಿ ಬೇಕಿಲ್ಲ, ಅದೇ ಸ್ಕೇಲ್, ಅದೇ ತಂತಿ, ಅದೇ ಶ್ರುತಿ, ಹತ್ತಿರದ ಔಟ್‌ಪುಟ್ ಇದ್ದರೆ ಸಾಕು. ಔಟ್‌ಪುಟ್ ಕಡಿಮೆ ಇದ್ದರೆ ಕ್ಲೀನ್ ಬೂಸ್ಟ್ ಪೆಡಲ್ ಒಂದನ್ನು ಎಲ್ಲಕ್ಕಿಂತ ಮುಂದೆ ಇಟ್ಟು, ಎರಡು ಗಿಟಾರ್‌ಗಳೂ ಆಂಪನ್ನು ಒಂದೇ ಸಮ ಡ್ರೈವ್ ಮಾಡುವಷ್ಟಕ್ಕೆ ಹೊಂದಿಸಿ, ನಾಬ್‌ನ ಜಾಗಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ. ಎರಡಕ್ಕೂ ಒಂದೇ ಕಂಪನಿಯ ಸ್ಟ್ರ್ಯಾಪ್ ಲಾಕ್ ಹಾಕಿಸಿ. ಬೇರೆ ಬೇರೆ ಇದ್ದರೆ ಆತುರದಲ್ಲಿ ಸ್ಟ್ರ್ಯಾಪ್ ಕೂತಂತೆ ಕಂಡು ಗಿಟಾರ್ ನೆಲಕ್ಕೆ ಬೀಳುತ್ತದೆ.